ಕೌದಿಗೂ ಬಂತು ಕಂಪ್ಯೂಟರು

ಅಮೆರಿಕದ ಊರೂರುಗಳಲ್ಲಿ ಕ್ವಿಲ್ಟ್ ಹೊಲಿಯುವವರ ಸಂಘಗಳಿವೆ. ಗಿಲ್ಡ್ ಎಂದು ಕರೆದುಕೊಳ್ಳುತ್ತಾರೆ. ತಿಂಗಳಿಗೊಮ್ಮೆ ಚರ್ಚಿನ ಸಭಾಂಗಣದಲ್ಲೋ ಗ್ರಂಥಾಲಯದ ಕೋಣೆಯಲ್ಲೋ ಸಭೆ. ವರದಿ, ಜಮಾಖರ್ಚು, ಮುಂದಿನ ಪ್ರದರ್ಶನದ ಏರ್ಪಾಟು ಎಲ್ಲ ಮುಗಿದ ಮೇಲೆ ಜನ ಕಾದು ಕೂತಿದ್ದ ಬಾಬತ್ತು ಬರುತ್ತದೆ. ಅದಕ್ಕೆ ಶೋ ಅಂಡ್ ಟೆಲ್ ಎನ್ನುತ್ತಾರೆ. ಮುಗಿಸಿದ ಕ್ವಿಲ್ಟನ್ನು ಇಬ್ಬರು ಎರಡು ಮೂಲೆ ಹಿಡಿದು ಎತ್ತುತ್ತಾರೆ. ಎತ್ತಿದವರು ಪೂರಾ ಮರೆಯಾಗಿ ಬೆರಳುಗಳಷ್ಟೇ ಕಾಣುತ್ತವೆ. ಹೊಲಿದವರು ಪಕ್ಕದಲ್ಲಿ ನಿಂತು ನಾಲ್ಕು ಮಾತು ಹೇಳುತ್ತಾರೆ. ಯಾರಿಗಾಗಿ ಹೊಲಿದದ್ದು, ಬಟ್ಟೆ ಎಲ್ಲಿಯದು, ಎಷ್ಟು ಸಲ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು, ಹೀಗೆ. ಈಚಿನ ಮೂರು ದಶಕಗಳಲ್ಲಿ ಈ ಮಾತುಗಳ ಜೊತೆಗೆ ಇನ್ನೊಂದು ಸೇರಿಕೊಂಡಿದೆ: ಇದನ್ನು ಈಕ್ಯೂನಲ್ಲಿ ಬರೆದದ್ದು ಅನ್ನುವುದು. ಕೆಲವರು ಕಂಪ್ಯೂಟರಿನಿಂದ ಅಚ್ಚು ಹಾಕಿಸಿದ ಹಾಳೆಯನ್ನೂ ತಂದಿರುತ್ತಾರೆ. ಹಾಳೆಯಲ್ಲಿ ಅಂದುಕೊಂಡದ್ದು, ಬಟ್ಟೆಯಲ್ಲಿ ಆದದ್ದು, ಎರಡೂ ಒಟ್ಟಿಗೆ ಕಾಣುತ್ತವೆ.

ಕ್ವಿಲ್ಟನ್ನು ಕಾಣದ ಕೇಳುಗರಿಗೆ ಇಷ್ಟು ಹೇಳಿದರೆ ಸಾಕು: ಅದು ನಮ್ಮ ಕೌದಿಯ ದೂರದ ನೆಂಟ. ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿದ ಪದರ, ನಡುವೆ ಹತ್ತಿಯ ತೆಳು ಹಾಸು, ಕೆಳಗೊಂದು ಬಟ್ಟೆ. ಮೂರನ್ನೂ ಹಿಡಿದು ನಿಲ್ಲಿಸುವುದು ಮೇಲಿಂದ ಹಾಯಿಸಿದ ಹೊಲಿಗೆ. ನಮ್ಮಲ್ಲಿ ಹಳೆಯ ಸೀರೆ, ಧೋತರ, ಕುಬಸದ ತುಂಡುಗಳು ಕೌದಿಯಾಗುತ್ತವೆ. ಅಲ್ಲಿ ಈಗ ಹೆಚ್ಚಿನವರು ಅಂಗಡಿಗೆ ಹೋಗಿ ಹೊಸ ಹತ್ತಿಬಟ್ಟೆ ಕೊಳ್ಳುತ್ತಾರೆ, ಚೂರು ಮಾಡುತ್ತಾರೆ, ಮತ್ತೆ ಜೋಡಿಸುತ್ತಾರೆ. ಇಡಿಯಾಗಿದ್ದ ಬಟ್ಟೆಯನ್ನು ಕತ್ತರಿಸಿ ಹೊಲಿಯುವುದು ಏಕೆ ಎಂಬ ಪ್ರಶ್ನೆಗೆ ಅವರ ಬಳಿ ಉತ್ತರವಿಲ್ಲ. ಆ ಹುಚ್ಚು ಹತ್ತಿದವರು ಅದನ್ನು ಕೇಳುವುದೂ ಇಲ್ಲ.

ಈ ಹುಚ್ಚಿಗೆ ಕಂಪ್ಯೂಟರು ಕೂಡಿದ್ದು ಒಹಾಯೊ ರಾಜ್ಯದ ಬೌಲಿಂಗ್ ಗ್ರೀನ್ ಎಂಬ ಊರಿನಲ್ಲಿ. ಪೆನ್ನಿ ಮೆಕ್‌ಮಾರಿಸ್ ಎಂಬಾಕೆ 1980ರ ದಶಕದ ಆರಂಭದಲ್ಲಿ ಅಲ್ಲಿನ ಸಾರ್ವಜನಿಕ ಟೆಲಿವಿಷನ್ನಿನಲ್ಲಿ ಕ್ವಿಲ್ಟ್ ಬಗ್ಗೆ ಕಾರ್ಯಕ್ರಮ ಮಾಡಿ ಹೆಸರಾಗಿದ್ದರು. ಪತಿ ಡೀನ್ ನ್ಯೂಮನ್ ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ಗಣಿತದ ಮೇಷ್ಟ್ರು. ಮೇಷ್ಟ್ರು ಡಾಸ್ ಕಾಲದ ಕಂಪ್ಯೂಟರಿಗೆ ಒಂದು ಪ್ರೋಗ್ರಾಂ ಬರೆದರು. 1991ರಲ್ಲಿ ಇಬ್ಬರೂ ಸೇರಿ ಎಲೆಕ್ಟ್ರಿಕ್ ಕ್ವಿಲ್ಟ್ ಎಂಬ ಕಂಪನಿ ಕಟ್ಟಿ ಅದನ್ನು ಮಾರಾಟಕ್ಕಿಟ್ಟರು. ಈಕ್ಯೂ ಎಂದರೆ ಇದೇ. 2017ರಲ್ಲಿ ಅದರ ಎಂಟನೆಯ ಆವೃತ್ತಿ ಬಂತು. ಕ್ವಿಲ್ಟ್ ವಿನ್ಯಾಸಕ್ಕೆಂದು ಬೇರೆ ತಂತ್ರಾಂಶಗಳೂ ಇವೆ, ಈಗ ಬ್ರೌಸರಿನಲ್ಲೇ ತೆರೆದು ಕೆಲಸ ಮಾಡುವಂಥವೂ ಬಂದಿವೆ. ಆದರೆ ಗಿಲ್ಡ್ ಸಭೆಗಳಲ್ಲಿ ಕಿವಿಗೆ ಬೀಳುವ ಹೆಸರು ಹೆಚ್ಚಾಗಿ ಇದೊಂದೇ.

ಕೌದಿಗೂ ಗಣಿತದ ಮೇಷ್ಟ್ರಿಗೂ ಎತ್ತಣಿಂದೆತ್ತ ಸಂಬಂಧ ಎನಿಸಬಹುದು. ಸಂಬಂಧ ಹಳೆಯದು. ಅಮೆರಿಕದ ಸಾಂಪ್ರದಾಯಿಕ ಕ್ವಿಲ್ಟು ಬ್ಲಾಕ್ ಎಂಬ ಚೌಕಗಳಿಂದ ಆದದ್ದು. ಅದರಲ್ಲಿ ಅತಿ ಸರಳವಾದ ಚೌಕವನ್ನು ನೋಡಿ: ಮೂಲೆಯಿಂದ ಮೂಲೆಗೆ ಒಂದು ಗೆರೆ, ಒಂದು ಕಡೆ ಕಪ್ಪು, ಇನ್ನೊಂದು ಕಡೆ ಬಿಳಿ. ಇದನ್ನು ನಾಲ್ಕು ರೀತಿ ತಿರುಗಿಸಿ ಇಡಬಹುದು. 1704ರಲ್ಲಿ ಫ್ರಾನ್ಸಿನ ಪಾದ್ರಿ ಸೆಬಾಸ್ಟಿಯನ್ ಟ್ರುಶೆ ಇಂಥವೇ ನೆಲಹಾಸಿನ ಬಿಲ್ಲೆಗಳ ಜೋಡಣೆಯನ್ನು ಕುರಿತು ಪ್ರಬಂಧ ಪ್ರಕಟಿಸಿದ್ದ. ಸಾಲಿಗೆ ನಾಲ್ಕರಂತೆ ನಾಲ್ಕು ಸಾಲು, ಅಂದರೆ ಬರೀ 16 ಚೌಕಗಳನ್ನು ಹೀಗೆ ಜೋಡಿಸಲು ಎಷ್ಟು ದಾರಿ ಇವೆ ಗೊತ್ತೇ? 429 ಕೋಟಿ 49 ಲಕ್ಷ 67 ಸಾವಿರದ 296. ಗಾಳಿಪಟ, ಗಿರಿಗಿಟ್ಲೆ, ನಕ್ಷತ್ರ, ಮಿಂಚಿನ ಗೆರೆ ಎಲ್ಲವೂ ಇದರೊಳಗೇ ಅಡಗಿವೆ. ಕೈಯಲ್ಲಿ ಚೌಕ ಕಾಗದ, ಬಣ್ಣದ ಪೆನ್ಸಿಲು ಹಿಡಿದು ಕೂತವರು ಒಂದು ಸಂಜೆಗೆ ನಾಲ್ಕೈದನ್ನು ಬರೆದು ನೋಡಬಹುದು. ಪರದೆಯ ಮೇಲೆ ಒಂದು ಒತ್ತಿಗೆ ಚೌಕ ತಿರುಗುತ್ತದೆ, ಇನ್ನೊಂದು ಒತ್ತಿಗೆ ಕಪ್ಪು ಇದ್ದಲ್ಲಿ ನೀಲಿ ಬರುತ್ತದೆ. ಹಿಡಿಸದಿದ್ದರೆ ಅಳಿಸಿದರಾಯಿತು. ಈ ಅಳಿಸುವ ಸವಲತ್ತೇ ದೊಡ್ಡದು. ಬಟ್ಟೆಗೆ ಕತ್ತರಿ ಬಿದ್ದ ಮೇಲೆ ಅಳಿಸುವ ಮಾತಿಲ್ಲ.

ಆದರೂ ಬಳಸುವವರನ್ನು ಕೇಳಿದರೆ ಅನೇಕರು ಹೊಗಳುವುದು ಚಿತ್ರವನ್ನಲ್ಲ, ಲೆಕ್ಕವನ್ನು. ಹೊಲಿದ ಮೇಲೆ 3 ಇಂಚು ಕಾಣಬೇಕಾದ 80 ನೀಲಿ ಚೌಕಗಳು ಬೇಕು ಅನ್ನಿ. ಎಷ್ಟು ಬಟ್ಟೆ ಕೊಳ್ಳಬೇಕು? ಪ್ರತಿ ಅಂಚಿನಲ್ಲೂ ಹೊಲಿಗೆಗೆ ಕಾಲು ಇಂಚು ಬಿಡಬೇಕಾದ್ದರಿಂದ ಚೌಕವನ್ನು 3.5 ಇಂಚಿಗೆ ಕತ್ತರಿಸಬೇಕು. ಬಟ್ಟೆಯ ಅಗಲದಲ್ಲಿ ಅಂಚು ಕಳೆದು 40 ಇಂಚು ಕೈಗೆ ಸಿಗುತ್ತದೆ. ಒಂದು ಪಟ್ಟಿಗೆ 11 ಚೌಕ. ಏಳು ಪಟ್ಟಿಗೆ 77 ಆಗಿ ಮೂರು ಉಳಿಯುತ್ತವೆ, ಆ ಮೂರಕ್ಕಾಗಿ ಎಂಟನೆಯ ಪಟ್ಟಿ. ಒಟ್ಟು 28 ಇಂಚು. ಅಂದಾಜಿನಲ್ಲಿ ಮುಕ್ಕಾಲು ಗಜ ಸಾಕೆಂದು ಕೊಂಡವರಿಗೆ ಸಿಕ್ಕಿದ್ದು 27 ಇಂಚು. ಒಂದೇ ಇಂಚಿಗೆ ಮೋಸ. ಮರುವಾರ ಅಂಗಡಿಗೆ ಹೋದರೆ ಆ ನೀಲಿ ಮುಗಿದಿರುತ್ತದೆ. ತ್ರಿಕೋನಗಳಾದರೆ ಲೆಕ್ಕ ಇನ್ನೂ ತೊಡಕು. ಚೌಕಗಳನ್ನು ವಜ್ರದಂತೆ ಓರೆಯಾಗಿ ನಿಲ್ಲಿಸಿದರೆ ಎರಡರ ವರ್ಗಮೂಲ ಬಂದು ಕೂರುತ್ತದೆ. 12 ಇಂಚಿನ ಚೌಕ ಮೂಲೆಯಿಂದ ಮೂಲೆಗೆ ಹತ್ತಿರ ಹತ್ತಿರ 17 ಇಂಚು. ಶಾಲೆಯಲ್ಲಿ ಗಣಿತಕ್ಕೆ ಹೆದರಿ ಓಡಿದವರು ಪುಸ್ತಕದಲ್ಲಿ ಅಚ್ಚಾದ ವಿನ್ಯಾಸಗಳಿಗೇ ಅಂಟಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ, ಅಲ್ಲಿ ಲೆಕ್ಕವನ್ನು ಬೇರೆಯವರು ಮಾಡಿಟ್ಟಿರುತ್ತಿದ್ದರು. ಪರರ ನಕ್ಷೆಯನ್ನು ಹೊಲಿಯುತ್ತಿದ್ದವರು ತಮ್ಮದೇ ನಕ್ಷೆ ಬರೆಯುವ ಧೈರ್ಯ ಮಾಡಿದ್ದಕ್ಕೆ ಬಣ್ಣದ ಪರದೆಗಿಂತ ಈ ಲೆಕ್ಕದ ಹಾಳೆಯೇ ಹೆಚ್ಚು ಕಾರಣ.

ಹಾಗೆಂದು ಕಂಪ್ಯೂಟರು ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ಕತ್ತರಿಸಿದರೆ ಕೆಟ್ಟಿರಿ. ಕರಡಿಯ ಪಂಜ ಎಂಬ ಹಳೆಯ ಬ್ಲಾಕ್ ಇದೆ. ಅಡ್ಡಕ್ಕೆ ಏಳು, ಉದ್ದಕ್ಕೆ ಏಳು ಮನೆಗಳ ಚೌಕಟ್ಟಿನಲ್ಲಿ ಕೂರುವಂಥದು. ಹೊಸಬರು ಇದನ್ನು 10 ಇಂಚಿನ ಬ್ಲಾಕಾಗಿ ಮಾಡಿ ಎಂದು ಹೇಳುತ್ತಾರೆ, ತಂತ್ರಾಂಶ ಚಕಾರವೆತ್ತದೆ ಬರೆದುಕೊಡುತ್ತದೆ. ಪರದೆಯ ಮೇಲೆ ಚೆಂದವಾಗಿಯೇ ಕಾಣುತ್ತದೆ. ಹತ್ತನ್ನು ಏಳರಿಂದ ಭಾಗಿಸಿದರೆ ಬರುವುದು 1.428, ಹೊಲಿಗೆಯ ಅರ್ಧ ಇಂಚು ಸೇರಿ 1.928. ಅಳತೆಪಟ್ಟಿಯಲ್ಲಿ ಅಂಥ ಗೆರೆ ಇಲ್ಲ. ಹತ್ತಿರದ ಗೆರೆ 1.875, ಅಲ್ಲಿಗೆ ಕತ್ತರಿಸಿದರೆ ಎರಡು ಸಣ್ಣ ತುಂಡು ಸೇರಿ 2.75 ಇಂಚು ಆಗುತ್ತವೆ. ಪಕ್ಕದಲ್ಲೇ ಕೂರಬೇಕಾದ ಎರಡು ಮನೆಯ ದೊಡ್ಡ ಚೌಕಕ್ಕೆ ಹತ್ತಿರದ ಗೆರೆ ಹಿಡಿದರೆ ಅದು 2.875 ಆಗುತ್ತದೆ. ಒಂದು ಕುಗ್ಗಿತು, ಇನ್ನೊಂದು ಹಿಗ್ಗಿತು, ಪಂಜಕ್ಕೆ ಬೆರಳು ಕೂಡಲೊಲ್ಲದು. ಪಳಗಿದವರು ಇದೇ ಬ್ಲಾಕನ್ನು 7, 10.5 ಅಥವಾ 14 ಇಂಚಿಗೆ ಇಟ್ಟು ನೆಮ್ಮದಿಯಾಗಿರುತ್ತಾರೆ. ತಂತ್ರಾಂಶಕ್ಕೆ ಏಳರ ಮಗ್ಗಿ ಚೆನ್ನಾಗಿ ಗೊತ್ತು, ಅಳತೆಪಟ್ಟಿ ಹಿಡಿದ ಕೈಯ ಕಷ್ಟ ಗೊತ್ತಿಲ್ಲ.

ಬಟ್ಟೆಯ ಸ್ವಭಾವವೂ ಅದಕ್ಕೆ ಗೊತ್ತಿಲ್ಲ. ಪರದೆಯಲ್ಲಿ ಗೆರೆಗೆ ದಪ್ಪವಿಲ್ಲ. ಬಟ್ಟೆಯನ್ನು ಮಡಿಸಿ ಇಸ್ತ್ರಿ ಮಾಡಿದರೆ ಮಡಿಕೆಯೇ ಎರಡೆಳೆ ನೂಲಿನಷ್ಟು ಜಾಗ ತಿನ್ನುತ್ತದೆ. ಹೊಲಿಗೆ ಇಂಚಿನ 32ನೇ ಒಂದು ಭಾಗ ಒಳಗೆ ಸರಿದರೂ ಎರಡೂ ತುಂಡಿನಿಂದ ಅಷ್ಟಷ್ಟು ಹೋಗಿ, ಎಂಟು ಹೊಲಿಗೆಯ ಸಾಲು ಅರ್ಧ ಇಂಚು ಗಿಡ್ಡವಾಗುತ್ತದೆ. ಎಂಟು ಮೊನೆಗಳು ನಡುವೆ ಕೂಡುವ ನಕ್ಷತ್ರ ಪರದೆಯ ಮೇಲೆ ಸೂಜಿಮೊನೆಯಷ್ಟು ನಯ. ಬಟ್ಟೆಯಲ್ಲಿ ಅಲ್ಲೊಂದು ಗಂಟು ಎದ್ದು, ಹೊಲಿಗೆಯಂತ್ರದ ಸೂಜಿ ಮುರಿದರೂ ಮುರಿಯಿತು. ಓರೆಯಾಗಿ ಕತ್ತರಿಸಿದ ಬಟ್ಟೆ ಎಳೆದಷ್ಟೂ ಹಿಗ್ಗುತ್ತದೆ.

ಇನ್ನು ಬಣ್ಣ. ತಂತ್ರಾಂಶಕ್ಕೆ ನಿಜವಾದ ಬಟ್ಟೆಯನ್ನು ಸ್ಕ್ಯಾನ್ ಮಾಡಿ ತುಂಬಿಸಬಹುದು, ಬಟ್ಟೆ ಕಂಪನಿಗಳ ಮಾದರಿಗಳನ್ನೂ ಹಾಕಿಕೊಳ್ಳಬಹುದು. ಆದರೂ ಒಂದು ಗೇಣಿನ ಪರದೆಯಲ್ಲಿ ಸಣ್ಣ ಹೂವಿನ ಅಚ್ಚು ಬರೀ ಬೂದು ಚುಕ್ಕೆಯಾಗಿ ಕಾಣುತ್ತದೆ. ಅದೇ ಅಚ್ಚನ್ನು ಹಾಸಿಗೆಯಗಲಕ್ಕೆ ಹರವಿ ಹತ್ತಡಿ ದೂರ ನಿಂತರೆ ಬೇರೆಯೇ ಬಣ್ಣ. ಅಮೆರಿಕದ ಹೆಸರಾಂತ ಕ್ವಿಲ್ಟ್ ಕಲಾವಿದೆ ಜಿನ್ನಿ ಬೇಯರ್ ಈ ಕೆಲಸ ಶುರು ಮಾಡಿದ್ದು 1970ರ ದಶಕದ ಆರಂಭದಲ್ಲಿ ಭಾರತದಲ್ಲಿದ್ದಾಗ, ನಮ್ಮ ಕೈಯಚ್ಚಿನ ಹತ್ತಿಬಟ್ಟೆಗಳಿಂದ. ಆ ಗಾಢ ಬಣ್ಣಗಳ ಸೆಳೆತ ಅವರನ್ನು ಬಿಡಲೇ ಇಲ್ಲ. 1978ರಲ್ಲಿ ಅವರ ‘ರೇ ಆಫ್ ಲೈಟ್’ ಒಂದು ರಾಷ್ಟ್ರಮಟ್ಟದ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆಯಿತು. ಬಟ್ಟೆಯನ್ನು ಮುಟ್ಟಿ, ಪಕ್ಕಪಕ್ಕ ಇಟ್ಟು, ದೂರ ಸರಿದು ನೋಡಿ ಪಳಗಿದ ಅಂಥ ಕಣ್ಣಿಗೆ ಪರದೆ ಸಾಟಿಯಲ್ಲ. ಹಾಗಾಗಿಯೇ ಅನುಭವಿಗಳು ಕಂಪ್ಯೂಟರಿನಲ್ಲಿ ತಿಳಿ ಯಾವುದು, ಗಾಢ ಯಾವುದು ಎಂಬಷ್ಟನ್ನು ಗೊತ್ತು ಮಾಡಿಕೊಂಡು, ಬಟ್ಟೆಯ ಆಯ್ಕೆಯನ್ನು ಅಂಗಡಿಯ ಕಪಾಟಿನ ಮುಂದೆ ನಿಂತೇ ಮಾಡುತ್ತಾರೆ.

ತಂತ್ರಾಂಶ ಮಾಡಿದ ಇನ್ನೊಂದು ಉಪಕಾರದ ಮಾತು ಅಷ್ಟಾಗಿ ಕೇಳಿಬರುವುದಿಲ್ಲ. ಅಮೆರಿಕದ ಬ್ಲಾಕುಗಳು ಸಾವಿರಾರು. ‘ಕ್ಯಾನ್ಸಸ್ ಸಿಟಿ ಸ್ಟಾರ್’ ಪತ್ರಿಕೆ ಒಂದೇ 1928ರಿಂದ 1961ರವರೆಗೆ ಸಾವಿರಕ್ಕೂ ಹೆಚ್ಚು ನಕ್ಷೆಗಳನ್ನು ಅಚ್ಚು ಹಾಕಿತು. ಮನೆಮನೆಯಲ್ಲಿ ಅವುಗಳನ್ನು ಕತ್ತರಿಸಿ ಇಟ್ಟುಕೊಂಡರು. ನಮ್ಮಲ್ಲಿ ಒಂದೇ ರಂಗೋಲಿಗೆ ಊರಿಗೊಂದು ಹೆಸರಿರುವಂತೆ ಅಲ್ಲಿ ಒಂದೇ ಬ್ಲಾಕಿಗೆ ಹತ್ತು ಹೆಸರು. ಆಗಲೇ ಹೇಳಿದ ಕರಡಿಯ ಪಂಜವೇ ಇನ್ನೊಂದು ಕಡೆ ಕೆಸರಿನಲ್ಲಿ ಬಾತುಕೋಳಿಯ ಹೆಜ್ಜೆ, ಮತ್ತೊಂದು ಕಡೆ ಸ್ನೇಹದ ಹಸ್ತ. ಕ್ಯಾನ್ಸಸ್‌ನ ಬಾರ್ಬರಾ ಬ್ರಾಕ್‌ಮನ್ ಇವುಗಳನ್ನೆಲ್ಲ ಕಲೆಹಾಕಿ, ಆಕಾರದ ಮೇಲೆ ವಿಂಗಡಿಸಿ, ಒಂದೊಂದಕ್ಕೂ ಸಂಖ್ಯೆ ಕೊಟ್ಟರು. ಆ ವಿಶ್ವಕೋಶ 1993ರಲ್ಲಿ ಒಂದೇ ಸಂಪುಟವಾಗಿ ಬಂತು. ಅದರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ನಕ್ಷೆಗಳಿವೆ. ಬೌಲಿಂಗ್ ಗ್ರೀನ್‌ನ ಕಂಪನಿ ಅವನ್ನು ಬ್ಲಾಕ್‌ಬೇಸ್ ಎಂಬ ತಂತ್ರಾಂಶವಾಗಿ ಮಾಡಿತು. ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕ ಹರಕು ಕ್ವಿಲ್ಟಿನ ಬ್ಲಾಕು ಯಾವುದೆಂದು ಹುಡುಕಿ, ಬೇಕಾದ ಅಳತೆಗೆ ಅಚ್ಚು ತೆಗೆದು ಹೊಲಿಯುವುದು ಈಗ ಒಂದು ಮಧ್ಯಾಹ್ನದಲ್ಲಿ ಶುರುವಾಗುವ ಕೆಲಸ.

ಹಳೆಯ ಕ್ವಿಲ್ಟು ಹೀಗೆ ಮರುಹುಟ್ಟು ಪಡೆದದ್ದಕ್ಕೆ ಜೇನ್ ಸ್ಟಿಕಲ್ ಕಥೆಯೇ ಸಾಕ್ಷಿ. ವರ್ಮಾಂಟ್ ರಾಜ್ಯದ ಈ ಹೆಂಗಸು ಅಂತರ್ಯುದ್ಧದ ನಡುವೆ, 1863ರಲ್ಲಿ, ಒಂದು ಕ್ವಿಲ್ಟ್ ಮುಗಿಸಿದಳು. ನಡುವೆ 169 ಪುಟ್ಟ ಚೌಕಗಳು, ಒಂದರಂತೆ ಇನ್ನೊಂದಿಲ್ಲ. ಸುತ್ತ 52 ತ್ರಿಕೋನ, ನಾಲ್ಕು ಮೂಲೆ. ಯುದ್ಧಕಾಲ 1863, ತುಂಡುಗಳು 5602, ಜೇನ್ ಎ. ಸ್ಟಿಕಲ್ ಎಂದು ಮೂಲೆಯಲ್ಲಿ ಗುರುತು ಹಾಕಿದಳು. ಬೆನಿಂಗ್ಟನ್ ವಸ್ತುಸಂಗ್ರಹಾಲಯದಲ್ಲಿ ಈಗಲೂ ಅದಿದೆ. ಬಟ್ಟೆ ಸೊರಗಬಾರದೆಂದು ವರ್ಷಕ್ಕೆ ಕೆಲವೇ ವಾರ ಹೊರಗಿಡುತ್ತಾರೆ. ಬ್ರೆಂಡಾ ಪಾಪಡಾಕಿಸ್ 1996ರಲ್ಲಿ ಇದರ ನಕ್ಷೆಗಳನ್ನು ಪುಸ್ತಕವಾಗಿ ತಂದರು, ಆಮೇಲೆ ಅದರದೇ ತಂತ್ರಾಂಶವೂ ಬಂತು. ನಾಲ್ಕೂವರೆ ಇಂಚಿನ ಚೌಕದಲ್ಲಿ ಹತ್ತಾರು ಚೂರು ಕೂರಿಸುವ ಈ ಕೆಲಸಕ್ಕೆ ಕಾಗದದ ಮೇಲೆ ಹೊಲಿಯುವ ಉಪಾಯ ಒದಗುತ್ತದೆ: ನಕ್ಷೆಯನ್ನು ಕಾಗದಕ್ಕೆ ಅಚ್ಚು ಹಾಕಿ, ಬಟ್ಟೆಯನ್ನು ಹಿಂದಿಟ್ಟು, ಗೆರೆಯ ಮೇಲೇ ಅಂಕಿಯ ಕ್ರಮದಲ್ಲಿ ಹೊಲಿದು, ಕೊನೆಗೆ ಕಾಗದ ಹರಿದು ತೆಗೆಯುವುದು. ಕಂಪ್ಯೂಟರು, ಪ್ರಿಂಟರು ಇರುವವರಿಗೆ ಕಾಗದದ ನಕಲಿಗೆ ಕೊರತೆಯಿಲ್ಲ. ಜೇನಿನ ಹುಚ್ಚು ಹಿಡಿದವರು ತಮ್ಮನ್ನು ಜೇನಿಯಾಕ್ ಎಂದು ಕರೆದುಕೊಳ್ಳುತ್ತಾರೆ, ಒಬ್ಬೊಬ್ಬರು ಹತ್ತು ವರ್ಷ ಹೊಲಿದದ್ದೂ ಉಂಟು.

ಯಂತ್ರ ಬಂದಾಗಲೆಲ್ಲ ಇದು ಕಳ್ಳಾಟ ಎನ್ನುವ ಗುಂಪೊಂದು ಏಳುತ್ತದೆ. 1989ರಲ್ಲಿ ಕೆಂಟಕಿಯ ಪಡೂಕಾ ಪ್ರದರ್ಶನದಲ್ಲಿ ಕ್ಯಾರಲ್ ಬ್ರೈಯರ್ ಫ್ಯಾಲರ್ಟ್ ಅವರ ಸೂರ್ಯಗ್ರಹಣದ ಕ್ವಿಲ್ಟಿಗೆ ಸರ್ವೋತ್ತಮ ಬಹುಮಾನ ಬಂದಾಗ ಅನೇಕರು ಮೂಗು ಮುರಿದರು. ಅದರ ಮೇಲ್ಹೊಲಿಗೆ ಕೈಯದಲ್ಲ, ಹೊಲಿಗೆಯಂತ್ರದ್ದು. ಯಂತ್ರದ ಹೊಲಿಗೆಗೆ ಅಲ್ಲಿ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಇವತ್ತು ಆ ವಾದ ತಣ್ಣಗಾಗಿದೆ. ಮೇಲ್ಹೊಲಿಗೆಯನ್ನೇ ಕಂಪ್ಯೂಟರು ನಡೆಸುವ ಉದ್ದತೋಳಿನ ಯಂತ್ರಗಳೂ ಬಂದಿವೆ; ನಕ್ಷೆ ಕೊಟ್ಟು ಗುಂಡಿ ಒತ್ತಿದರೆ ಹಂಸದ ಗರಿ, ಅಲೆ, ಬಳ್ಳಿ ತಾನಾಗಿ ಹೊಲಿದುಕೊಂಡು ಹೋಗುತ್ತದೆ. ಜೋಡಿಸಿದವರು ಒಬ್ಬರು, ಮೇಲ್ಹೊಲಿಗೆ ಹಾಕಿದವರು ಇನ್ನೊಬ್ಬರು ಎಂದು ಪ್ರದರ್ಶನದ ಚೀಟಿಯಲ್ಲಿ ಎರಡು ಹೆಸರು ಬರೆಯುವುದು ರೂಢಿಯಾಗಿದೆ. ಅದು ಸರಿಯಾದ ರೂಢಿ. ವಿನ್ಯಾಸ ತಂತ್ರಾಂಶದ ಮೇಲಿನ ದೂರಿನಲ್ಲಿ ಮಾತ್ರ ಹುರುಳಿಲ್ಲ. ಅದು ತಾನಾಗಿ ಏನನ್ನೂ ಆರಿಸುವುದಿಲ್ಲ, ಒಂದು ಹೊಲಿಗೆಯನ್ನೂ ಹಾಕುವುದಿಲ್ಲ.

ಅದರ ನಿಜವಾದ ಅಪಾಯವೇ ಬೇರೆ. ಬರೆಯುವುದು ಸುಲಭವಾದದ್ದೇ ತಡ, ಬರೆದದ್ದೆಲ್ಲ ಕಂಪ್ಯೂಟರಿನಲ್ಲೇ ಉಳಿಯತೊಡಗಿತು. ಅರ್ಧಕ್ಕೆ ನಿಂತ ಕೆಲಸಕ್ಕೆ ಅಲ್ಲಿನವರು ಹಾರುವ ತಟ್ಟೆಯ ಹೆಸರೇ ಇಟ್ಟಿದ್ದಾರೆ, ಯುಎಫ್‌ಒ ಎನ್ನುತ್ತಾರೆ. ಮುಗಿಯದ ವಸ್ತು ಎಂದು ಅದರ ಅರ್ಥ. ಬಟ್ಟೆಯ ಯುಎಫ್‌ಒ ಕಪಾಟು ತುಂಬಿ ಬಾಗಿಲು ಮುಚ್ಚದಾದಾಗ ಹೊಲಿಯುವವರನ್ನು ಕಾಡುತ್ತದೆ. ಕಂಪ್ಯೂಟರಿನೊಳಗಿನ ನೂರು ವಿನ್ಯಾಸಗಳು ಯಾರನ್ನೂ ಕಾಡುವುದಿಲ್ಲ. ಇಬ್ಬರು ಮಲಗುವ ಹಾಸಿಗೆಯ ಕ್ವಿಲ್ಟಿಗೆ ನೂರಾರು ತುಂಡು ಕತ್ತರಿಸಿ, ಜೋಡಿಸಿ, ಹಾಸು ಇಟ್ಟು, ಮೇಲ್ಹೊಲಿಗೆ ಹಾಕಿ, ಅಂಚು ಕಟ್ಟಲು ಬೇಕಾಗುವ ತಿಂಗಳುಗಳು 1991ಕ್ಕೆ ಮೊದಲು ಎಷ್ಟೋ ಹೆಚ್ಚುಕಡಿಮೆ ಈಗಲೂ ಅಷ್ಟೇ. ಗಿಲ್ಡ್ ಸಭೆಯಲ್ಲಿ ಚಪ್ಪಾಳೆ ಬೀಳುವುದು ಮುಗಿದ ಕ್ವಿಲ್ಟಿಗೇ ಹೊರತು ಅಚ್ಚಿನ ಹಾಳೆಗಲ್ಲ.

ನಕ್ಷೆಯೇ ಇಲ್ಲದೆ ಹೊಲಿಯುವ ದೊಡ್ಡ ಪರಂಪರೆಯೂ ಇದೆ ಎಂಬುದನ್ನು ಈ ಮಾತಿನ ನಡುವೆ ಮರೆಯಬಾರದು. ಅಲಬಾಮಾದ ಜೀಸ್ ಬೆಂಡ್ ಎಂಬ ಹಳ್ಳಿಯ ಕರಿಯ ಹೆಂಗಸರು ಹಳೆಯ ಕೆಲಸದ ಬಟ್ಟೆಗಳಿಂದ, ಕಂಡ ಹಾಗೆ ಜೋಡಿಸಿ ಹೊಲಿದ ಕ್ವಿಲ್ಟುಗಳನ್ನು 2002ರಲ್ಲಿ ಹ್ಯೂಸ್ಟನ್ನಿನಲ್ಲಿ, ಬಳಿಕ ನ್ಯೂಯಾರ್ಕಿನ ವಿಟ್ನಿ ಕಲಾಸಂಗ್ರಹಾಲಯದಲ್ಲಿ ತೂಗುಹಾಕಿದರು. 2006ರಲ್ಲಿ ಅವು ಅಮೆರಿಕದ ಅಂಚೆಚೀಟಿಗಳಾದವು. ಅದೇ ಬಗೆಯ ಕೈ ನಮ್ಮ ಉತ್ತರ ಕನ್ನಡದಲ್ಲೂ ಇದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರ ಕವಂದಿ ಅಂಚಿನಿಂದ ಶುರುವಾಗುತ್ತದೆ. ಹಳೆಯ ಸೀರೆ, ಅಂಗಿಯ ತುಂಡುಗಳನ್ನು ಅಂಚಿಗೆ ಇಟ್ಟು ಸೂಜಿ ಓಡಿಸುತ್ತ, ಸುತ್ತು ಹಾಕುತ್ತ, ನಡುವಿಗೆ ಬಂದು ಮುಗಿಸುತ್ತಾರೆ. ಮುಂದಿನ ತುಂಡು ಯಾವುದೆಂಬುದು ಅಲ್ಲಿಗೆ ಬಂದಾಗಲೇ ತೀರ್ಮಾನ. ಕೊನೆಗೆ ನಾಲ್ಕು ಮೂಲೆಗೂ ಮಡಚಿದ ತುಂಡಿನ ಹೂವು; ಹೂವಿಲ್ಲದ ಕವಂದಿ ಅವರ ಲೆಕ್ಕದಲ್ಲಿ ಬರಿಮೈ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವರ ನಡುವೆ ಇದ್ದು ಅಧ್ಯಯನ ಮಾಡಿದರು, 2004ರಲ್ಲಿ ಹೆಂಗಸರ ಸಹಕಾರ ಸಂಘವೊಂದು ಆಯಿತು. 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆಫ್ರಿಕನ್ ಡಯಾಸ್ಪೊರಾ ಸಂಗ್ರಹಾಲಯ ಈ ಕೌದಿಗಳ ಪ್ರದರ್ಶನ ನಡೆಸಿತು. ಈಗ ಅಮೆರಿಕದ ಕ್ವಿಲ್ಟ್ ತರಗತಿಗಳಲ್ಲಿ ಕವಂದಿ ಎಂಬ ಹೆಸರಿನಲ್ಲೇ ಇದನ್ನು ಕಲಿಸುತ್ತಾರೆ. ವಾರವಿಡೀ ಪರದೆಯ ಮುಂದೆ ಇಂಚಿನ ಎಂಟನೇ ಒಂದು ಭಾಗಕ್ಕೆ ಹೆಣಗುವವರು, ಅಳತೆಪಟ್ಟಿ ಬದಿಗಿಟ್ಟು ಸಿದ್ದಿಯವರ ಹಾಗೆ ಅಂಚಿನಿಂದ ಹೊಲಿಯಲು ಕೂರುವುದು ಅಲ್ಲಿ ಹೊಸತೇನಲ್ಲ.

ಈ ಎರಡು ದಾರಿಗಳಲ್ಲಿ ಯಾವುದು ಮೇಲು ಎಂಬ ಜಗಳ ಬೇಡ. ಅಮೆರಿಕದವರಿಂದ ನಾವು ಕಲಿಯಬೇಕಾದದ್ದು ತಂತ್ರಾಂಶಕ್ಕಿಂತ ಮೊದಲು ಇನ್ನೊಂದಿದೆ. ಮುಗಿದ ಕ್ವಿಲ್ಟಿನ ಹಿಂಬದಿಗೆ ಅವರು ಒಂದು ಸಣ್ಣ ಬಟ್ಟೆಯ ಚೀಟಿ ಹೊಲಿಯುತ್ತಾರೆ: ಮಾಡಿದವರ ಹೆಸರು, ಊರು, ಇಸವಿ, ಯಾರಿಗಾಗಿ ಎಂಬುದು. ನಮ್ಮ ಕೌದಿಗಳ ಮೇಲೆ ಹೊಲಿದವರ ಹೆಸರು ಕಾಣುವುದು ಬಲು ಅಪರೂಪ. ಕೇಳುಗರ ಮನೆಯ ಅಟ್ಟದಲ್ಲೋ ಮಂಚದ ಮೇಲೋ ಕೌದಿ ಇದ್ದರೆ, ಹೊಲಿದ ಅಜ್ಜಿಯೋ ಅತ್ತೆಯೋ ಇನ್ನೂ ಇದ್ದರೆ, ಅವರನ್ನು ಕೂರಿಸಿಕೊಂಡು ಯಾವ ತುಂಡು ಯಾರ ಸೀರೆಯದು, ಯಾವ ವರ್ಷದ್ದು ಎಂದು ಕೇಳಿಕೊಳ್ಳಿ. ಒಂದು ಅಂಗೈಯಗಲದ ಬಿಳಿ ಬಟ್ಟೆಯ ಮೇಲೆ ಬಣ್ಣ ಬಿಡದ ಮಸಿಯಲ್ಲಿ ಬರೆದು, ಕೌದಿಯ ಹಿಂಬದಿಯ ಮೂಲೆಗೆ ನಾಲ್ಕು ಹೊಲಿಗೆ ಹಾಕಿಬಿಡಿ.